ದೊಕ್ ಎಂದ ಕಲ್ಲು

ಓಮಲೂರು ಬಸ್ ನಿಲ್ದಾಣಕ್ಕೆ ತಿರುಗುವ ಮೊದಲು ನಮ್ಮ ಬಸ್ಸು ಒಂದು ವರ್ಕ್‌ಶಾಪಿನ ಎದುರು ಸಿಕ್ಕಿಹಾಕಿಕೊಂಡಿತು. ಅಲ್ಲೊಬ್ಬ ಲಾರಿಯ ಮುರಿದ ಸ್ಪ್ರಿಂಗ್ ಪಟ್ಟಿಯನ್ನು ಕಾಲಲ್ಲಿ ಅದುಮಿ ಹಿಡಿದು ಕೈಮಿಷನ್ನಿನಿಂದ ಕತ್ತರಿಸುತ್ತಿದ್ದ. ಕಿಡಿ ನನ್ನ ಕಿಟಕಿಯವರೆಗೆ ಬರಲಿಲ್ಲ, ವಾಸನೆ ಬಂತು. ಜನ ಅದನ್ನು ಕಬ್ಬಿಣ ಸುಟ್ಟ ವಾಸನೆ ಅನ್ನುತ್ತಾರೆ. ಸುಡುವುದು ಕಬ್ಬಿಣವಲ್ಲ, ಕತ್ತರಿಸುವ ಬಿಲ್ಲೆಯ ಹರಳುಗಳನ್ನು ಕಟ್ಟಿಹಾಕಿರುವ ಅಂಟು. ಅವನು ತಪ್ಪು ಬಿಲ್ಲೆ ಹಾಕಿದ್ದ. ಸ್ಪ್ರಿಂಗ್ ಪಟ್ಟಿ ಹದ ಕೊಟ್ಟ ಉಕ್ಕು, ಅದಕ್ಕೆ ಬೇಗ ಸವೆಯುವ ಮೆದು ಬಿಲ್ಲೆ ಬೇಕು. ಇವನದು ಸವೆಯಲು ಒಪ್ಪದ ಗಟ್ಟಿ ಬಿಲ್ಲೆ. ಕತ್ತರಿಸುವುದನ್ನು ಬಿಟ್ಟು ಉಜ್ಜುತ್ತಿತ್ತು. ಪಟ್ಟಿಯ ಅಂಚು ನೀಲಿಯಾಗಿತ್ತು, ಅವನು ಇನ್ನೂ ಜೋರಾಗಿ ಒತ್ತುತ್ತಿದ್ದ.

ಮಾದಪ್ಪ ಇದ್ದಿದ್ದರೆ ಬಸ್ಸಿನಿಂದ ಇಳಿದು ಹೋಗಿ ಅವನ ಕೈಯಿಂದ ಮಿಷನ್ ಕಿತ್ತುಕೊಳ್ಳುತ್ತಿದ್ದ ಎಂದುಕೊಂಡೆ. ಮಾದಪ್ಪ ನನಗೆ ನೆನಪಾಗುವುದೇ ಹೀಗೆ. ಮೊದಲು ಅವನು ಹೇಳಿದ್ದು ಸರಿ ಅನ್ನಿಸುತ್ತದೆ, ಆಮೇಲೆ ಹಲ್ಲು ಕಚ್ಚಿಕೊಳ್ಳುತ್ತದೆ.

ನೆಂಟನಲ್ಲದಿದ್ದರೂ ಎದುರಿಗಿದ್ದಾಗ ಅವನನ್ನು ‘ಮಾವ, ನೀವು’ ಎಂದೇ ಮಾತನಾಡಿಸಿದ್ದೇನೆ. ಬರೆಯುವಾಗ ಅಷ್ಟು ಮರ್ಯಾದೆ ಕೊಡಲಾರೆ. ಶಂಕಗಿರಿಯ ಆ ಮಳೆಗಾಲದ ಕಥೆಯನ್ನು ನೆಂಟರ ಮದುವೆಗಳಲ್ಲಿ, ರೈಲಿನಲ್ಲಿ, ನನ್ನ ಗಂಡನಿಗೆ, ಅವನ ತಂಗಿಯರಿಗೆ ಹಲವು ಸಲ ಹೇಳಿದ್ದೇನೆ. ಹೇಳಿದಷ್ಟೂ ಅದು ನುಣುಪಾಗಿದೆ. ಪ್ರತಿ ಸಲವೂ ಕೊನೆಯಲ್ಲಿ ಮಾದಪ್ಪ ಅಳುತ್ತಾನೆ. ಅವನು ಅಳಲಿಲ್ಲ. ಈ ಸಲ ಅವನನ್ನು ಅಳಿಸದೆ ಹೇಳಲು ನೋಡುತ್ತೇನೆ.

ನಾವು ಸೇಲಂನ ನೇಯುವ ಮನೆಯವರು. ನನ್ನ ಅಣ್ಣ ಲಿಂಗಣ್ಣ ಮಗ್ಗ ಬಿಟ್ಟು ಮಿಷನ್ ಹಿಡಿದವರಲ್ಲಿ ನಮ್ಮ ಬೀದಿಗೇ ಮೊದಲನೆಯವನು. ಶಂಕಗಿರಿಯಲ್ಲಿ ಲಾರಿಗಳು ಎಷ್ಟಿವೆಯೋ ಅಷ್ಟೇ ಅವುಗಳ ರಿಪೇರಿ ಅಂಗಡಿಗಳೂ ಇವೆ. ಅಣ್ಣ ಸೇರಿದ್ದು ಕ್ರಾಂಕ್ ಸಾಣೆ ಹಿಡಿಯುವ ಜಾಗ. ಇಂಜಿನ್ನಿನ ಒಳಗೆ ತಿರುಗುವ ಕ್ರಾಂಕಿನ ದುಂಡು ಕತ್ತುಗಳು ಓಡಿ ಓಡಿ ಸವೆದು ವಕ್ರವಾಗುತ್ತವೆ, ಅವನ್ನು ಮತ್ತೆ ದುಂಡಗೆ ಉಜ್ಜಿ ಕೊಡಬೇಕು. ಉಜ್ಜುವ ಚಕ್ರ ಎರಡು ತೋಳು ಚಾಚಿ ಅಪ್ಪಿಕೊಳ್ಳುವಷ್ಟು ದೊಡ್ಡದು. ಅಲ್ಲಿ ಯಾರೂ ಅದನ್ನು ಚಕ್ರ ಅನ್ನುವುದಿಲ್ಲ, ಕಲ್ಲು ಅನ್ನುತ್ತಾರೆ.

ಕಲ್ಲನ್ನು ಮಿಷನ್ನಿಗೆ ಏರಿಸುವ ಮುನ್ನ ಹಗ್ಗದಲ್ಲಿ ತೂಗುಹಾಕಿ ಮರದ ಹಿಡಿಯಿಂದ ತಟ್ಟಬೇಕು. ಒಳ್ಳೆಯ ಕಲ್ಲು ‘ಕಣ್’ ಎಂದು ಹಾಡುತ್ತದೆ, ಆ ಸದ್ದು ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಲ್ಲುತ್ತದೆ. ಒಳಗೆ ಬಿರುಕಿದ್ದರೆ ‘ದೊಕ್’ ಎಂದು ಅಲ್ಲೇ ಸಾಯುತ್ತದೆ. ಬಿರುಕು ಕಣ್ಣಿಗೆ ಕಾಣಬೇಕೆಂದೇನಿಲ್ಲ. ದೊಕ್ ಎಂದ ಕಲ್ಲನ್ನು ಏರಿಸಿದರೆ ವೇಗಕ್ಕೆ ಅದು ಸಿಡಿಯುತ್ತದೆ. ಆ ಅಂಗಡಿಯ ನಿಯಮ ಏನೆಂದರೆ ತಟ್ಟುವವನು ಮೇಸ್ತ್ರಿ, ಏರಿಸುವವನು ಮಿಷನ್ ಆಳು. ಮೇಸ್ತ್ರಿ ಮಾದಪ್ಪ.

ಆ ವರ್ಷ ಬೇಸಿಗೆ ಶುರುವಾಗುವಾಗ ಅಣ್ಣನ ಮಿಷನ್ನಿನಲ್ಲಿ ಕಲ್ಲು ಸಿಡಿಯಿತು. ದೊಡ್ಡ ತುಂಡುಗಳನ್ನು ಕಬ್ಬಿಣದ ಮುಚ್ಚಳ ತಡೆಯಿತು. ಚಿಕ್ಕದೊಂದು ತಪ್ಪಿಸಿಕೊಂಡು ಬಂದು ಅವನ ಎಡಗಣ್ಣಿಗೆ ಹೊಡೆಯಿತು.

‘ನನ್ನ ಕರೀಲೇ ಇಲ್ಲ. ತಟ್ದೇನೇ ಅವ್ನೇ ಏರ್ಸ್ಕೊಂಡ,’ ಎಂದು ಮಾದಪ್ಪ ಮೊದಲಾಳಿಗೆ ಹೇಳಿದ. ಅಂಗಡಿಯ ಒಡೆಯನನ್ನು ಅಲ್ಲಿ ಎಲ್ಲರೂ ಕರೆಯುವುದು ಹಾಗೆ, ಮೊದಲಾಳಿ.

ಆಸ್ಪತ್ರೆಯ ಹಾಸಿಗೆಯಲ್ಲಿ ಅಣ್ಣ ಹೇಳಿದ್ದೇ ಬೇರೆ. ‘ಅವ್ರೇ ತಟ್ಟುದ್ರು ಕಣಮ್ಮಿ. ನನ್ ಕಣ್ಣಾರೆ ನೋಡಿವ್ನಿ. ಆಗ ಎಲ್ಡೂ ಇತ್ತು.’

ಹೇಳಿ ತಾನೇ ನಕ್ಕ. ಅಮ್ಮ ಅವನ ಬಾಯಿ ಮುಚ್ಚಿದಳು.

ಒಂಟಿ ಕಣ್ಣಿನಲ್ಲಿ ಸಾಣೆ ಹಿಡಿಯುವವರು ಬೇಕಾದಷ್ಟು ಜನ ಇದ್ದಾರೆ, ಕಣ್ಣು ಅವನ ದಾರಿ ಕಟ್ಟಲಿಲ್ಲ. ದಾರಿ ಕಟ್ಟಿದ್ದು ‘ತಟ್ಟದೆ ಏರಿಸಿದವನು’ ಎಂಬ ಹೆಸರು. ಲಾರಿ ಎಲ್ಲೆಲ್ಲಿಗೆ ಹೋಗುತ್ತದೋ ಅಲ್ಲೆಲ್ಲ ಲಾರಿಯವರ ಬಾಯಲ್ಲಿ ಆ ಹೆಸರೂ ಹೋಗುತ್ತಿತ್ತು. ಭವಾನಿಯಲ್ಲಿ ಕೆಲಸ ಕೇಳಿದ, ಎಡಪ್ಪಾಡಿಯಲ್ಲಿ ಕೇಳಿದ. ಕೂರಿಸಿ ಟೀ ಕೊಟ್ಟರು, ಮಿಷನ್ ಕೊಡಲಿಲ್ಲ. ಮನೆಗೆ ಬಂದು ಅಪ್ಪನ ಮಗ್ಗದ ಪಕ್ಕ ಗೋಡೆಗೊರಗಿ ಕೂತ. ನೂಲು ಕಡಿದರೆ ಗಂಟು ಹಾಕಲು ಹೋಗುತ್ತಿದ್ದ. ಒಂದು ಕಣ್ಣಿಗೆ ದೂರದ ಅಳತೆ ಸಿಗದೆ ಬೆರಳು ನೂಲಿನ ಪಕ್ಕದಲ್ಲಿ ಗಾಳಿ ಹಿಡಿಯುತ್ತಿತ್ತು. ಅಪ್ಪ ಮುಖ ತಿರುಗಿಸಿಕೊಂಡು ಲಾಳಿ ಹೊಡೆಯುತ್ತಿದ್ದ.

ಮೊದಲಾಳಿ ಮನೆಗೆ ಬಂದು, ಐಟಿಐ ಮುಗಿಸಿ ಕೂತಿದ್ದ ನನ್ನನ್ನು ನೋಡಿ, ‘ಪಾಪ್ಪಾ ವರಟ್ಟುಂ’ ಎಂದ, ಹುಡುಗಿ ಬರಲಿ ಎಂದು. ಕಣ್ಣಿಗೆ ಬದಲು ಒಂದು ಕೆಲಸ. ಅಮ್ಮ ಬೇಡವೆಂದಳು. ‘ಅಣ್ಣನ ಕಣ್ ತಿಂದ ಜಾಗ. ನಿನ್ನೂ ತಿನ್ಲಿ ಅಂತ ಓಗ್ತೀಯಾ?’

ನಾನು ಹೋದದ್ದು ಕೆಲಸಕ್ಕಲ್ಲ. ಆ ಹೆಸರನ್ನು ಅಣ್ಣನಿಂದ ಕಿತ್ತು ಮಾದಪ್ಪನ ಹಣೆಗೆ ಅಂಟಿಸಲು ಹೋದೆ. ಇದನ್ನು ಆಗಲೇ ಇಷ್ಟು ಸ್ಪಷ್ಟವಾಗಿ ಅಂದುಕೊಂಡಿದ್ದೆನೇ ಎಂದು ಕೇಳಿದರೆ ಆಣೆ ಮಾಡಲಾರೆ. ಹೊರಡುವ ದಿನ ಚೀಲದಲ್ಲಿ ಅಪ್ಪನ ಹಳೆಯ ಲಾಳಿಯೊಂದನ್ನು ಇಟ್ಟುಕೊಂಡೆ ಎಂಬುದು ಮಾತ್ರ ಗಟ್ಟಿ. ಅದರ ಕಬ್ಬಿಣದ ಮೂತಿಗಳು ಕಳಚಿಹೋಗಿದ್ದವು, ಬರೀ ಮರ ಉಳಿದಿತ್ತು. ಕಲ್ಲು ತಟ್ಟಲು ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ.

ಆಷಾಢದ ಹೊತ್ತಿಗೆ ಬರುವ ಆಡಿ ತಿಂಗಳ ಗಾಳಿಯಲ್ಲಿ ಕೆಲಸಕ್ಕೆ ಸೇರಿದೆ. ‘ಆಡಿ ಕಾತ್ತುಲ ಅಮ್ಮಿಯುಂ ಪರಕ್ಕುಂ’ ಎಂಬ ಗಾದೆಯಿದೆ ಆ ಕಡೆ, ಆಡಿ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದಂತೆ. ಮೊದಲ ದಿನ ಮೊದಲಾಳಿ ಅದನ್ನು ನನ್ನೆದುರು ಹೇಳಿ ನಗಲು ಹೋಗಿ, ಯಾರ ತಂಗಿ ಎಂದು ನೆನಪಾಗಿ, ಟೀ ಕುಡಿಯುವವನಂತೆ ಖಾಲಿ ಲೋಟ ಎತ್ತಿದ. ಹೊಸ ಕಲ್ಲುಗಳನ್ನು ಬಿಚ್ಚಿ ಜೋಡಿಸುವುದು, ಬೇಕಾದವರಿಗೆ ಬೇಕಾದ್ದನ್ನು ಕೊಡುವುದು, ಉಳಿದ ಹೊತ್ತಿನಲ್ಲಿ ಚಿಕ್ಕ ಮಿಷನ್ನಿನಲ್ಲಿ ಲೇತಿನ ಉಳಿಗಳಿಗೆ ಮೊನೆ ಕೊಡುವುದು ನನ್ನ ಕೆಲಸ.

ಮಾದಪ್ಪ ಮೆಟ್ಟೂರು ಕಡೆಯ ರಾಗಿ ಹೊಲದವರ ಮನೆಯವನು. ಕೊರಳಲ್ಲಿ ಕರಿ ದಾರಕ್ಕೆ ಕಟ್ಟಿದ ಒಂದೇ ರುದ್ರಾಕ್ಷಿ. ದೊಡ್ಡ ಕೈ. ಅಂಗಡಿಯೆಲ್ಲ ತಮಿಳು, ನಾನು ಬಾಯಿ ಬಿಟ್ಟ ಕೂಡಲೇ ಅವನ ಮುಖ ಅರಳಿತು.

‘ಅಯ್ಯೋ, ನೇಯೋರ ಮಗಳ ಕನ್ನಡ ನೋಡ್ಲಾ ಪಳನಿ, ನೂಲ್ ಬುಟ್ಟಂಗೆ ಬತ್ತೈತೆ,’ ಎಂದ, ಮಿಷನ್ ಆಳು ಪಳನಿಗೆ. ಪಳನಿಗೆ ಕನ್ನಡ ಬಾರದು.

‘ನಿಮ್ದೆಂಗೆ ಮಾವ?’ ಎಂದೆ.

‘ನಮ್ದು ರಾಗಿಮುದ್ದೆ. ಅಗೀಬಾರ್ದು, ನುಂಗ್ಬೇಕು.’

ನಾನು ನಕ್ಕೆ. ನಗಲೇಬೇಕಾಗಿತ್ತು, ಅವನ ಹತ್ತಿರ ಇರಬೇಕಿತ್ತಲ್ಲ. ಆದರೆ ಆ ನಗು ಪೂರಾ ನಾಟಕವಾಗಿತ್ತು ಎಂದರೆ ಸುಳ್ಳಾಗುತ್ತದೆ.

ಅವನು ಕಲಿಸಿದ. ಈ ಭಾಗವನ್ನು ನಾನು ಮದುವೆಮನೆಗಳಲ್ಲಿ ಹೇಳುವುದೇ ಇಲ್ಲ. ಒಂದು ದಿನ ಕ್ರಾಂಕಿನ ಕತ್ತಿನ ಮೇಲೆ ಅರ ಎಳೆಯಲು ಹೇಳಿದ. ಅರ ಗಾಜಿನ ಮೇಲೆ ಎಳೆದಂತೆ ಜಾರಿತು.

‘ನೋಡ್ದಾ ಅಮ್ಮಣಿ, ಎಷ್ಟ್ ಗಟ್ಟಿ ಐತೆ ಅಂತ? ಇದ್ಕೆ ಗಟ್ಟಿ ಕಲ್ ಬೇಕಾ, ಮೆತ್ತಂದ್ ಬೇಕಾ?’

‘ಗಟ್ಟಿದು.’

‘ಎಲ್ರೂ ಅಂಗೇ ಅಂತಾರೆ. ಮೊದಲಾಳಿ ತಾತನೂ ಅಂಗೇ ಅಂದಿರ್ತಾನೆ.’ ಎರಡು ಕಲ್ಲು ತಂದು ಪಕ್ಕಪಕ್ಕ ಒರಗಿಸಿದ. ‘ಕಲ್ಲಂದ್ರೆ ಏನು? ಅರಳು, ಅರಳು ಇಡ್ಕೊಳಕ್ಕೆ ಅಂಟು. ಗಟ್ಟಿ ಉಕ್ಕು ಅರಳಿನ ಮೊನೇನ ಬೇಗ ಮೊಂಡ್ ಮಾಡ್ತೈತೆ. ಮೊಂಡಾದ್ದು ಉದುರ್ಬೇಕು, ಕೆಳಗಿರೋ ಒಸ ಮೊನೆ ಮ್ಯಾಕ್ ಬರ್ಬೇಕು. ಮೆತ್ತನ್ ಕಲ್ಲು ಉದುರಕ್ ಬುಡ್ತೈತೆ. ಗಟ್ಟಿ ಕಲ್ಲು ಬುಡಲ್ಲ. ಸತ್ ಕರಾನ ನೆಕ್ತಾ ಕೂತ ಹಸೂನಂಗೆ ಇಡ್ಕೊಂಡೇ ಇರ್ತೈತೆ. ಆಗ ಕೊಯ್ಯಲ್ಲ, ಉಜ್ತೈತೆ. ಉಜ್ಜುದ್ರೆ ಕಾಯ್ತೈತೆ. ಕಾದ್ರೆ ಕ್ರಾಂಕ್ ಓಯ್ತು.’

‘ಮೆತ್ತನ್ ಉಕ್ಕಿಗೆ?’

‘ಅದ್ಕೇ ಗಟ್ಟಿ ಕಲ್ಲು. ತಿರುಗಾಮುರುಗಾ.’

ಕಲ್ಲಿನ ಹೊಟ್ಟೆಗೆ ಅಂಟಿಸಿದ ದುಂಡು ಕಾಗದ ಓದುವುದನ್ನು ಹೇಳಿಕೊಟ್ಟ. ಅದರ ಮೇಲಿನ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಗಡಸುತನದ್ದು, ಎ ಕಡೆಗೆ ಹೋದಷ್ಟು ಮೆದು, ಝಡ್ ಕಡೆಗೆ ಹೋದಷ್ಟು ಗಟ್ಟಿ. ಹದ ಕೊಟ್ಟ ಉಕ್ಕಿಗೆ ಬಿಳಿ ಕಲ್ಲು. ಹಸಿರು ಕಲ್ಲು ನೋಡಲು ಚೂಪು, ಆದರೆ ಅದು ಕಾರ್ಬೈಡ್ ಮೊನೆಗಳಿಗೆ, ಬೀಡುಕಬ್ಬಿಣಕ್ಕೆ, ಉಕ್ಕಿಗಲ್ಲ. ವಜ್ರದ ಚಕ್ರ ಎಲ್ಲಕ್ಕಿಂತ ಗಟ್ಟಿ, ಆದರೂ ಉಕ್ಕಿಗೆ ಹಿಡಿಯಬಾರದು. ‘ಕಾದ ಉಕ್ಕು ವಜ್ರಾನೇ ತಿಂದಾಕ್ತೈತೆ ಅಮ್ಮಣಿ. ರಾಜ್ರ ಮನೆ ಒಡವೆ ತಿಂದಂಗೆ.’ ಕತ್ತರಿಸುವ ತೆಳು ಬಿಲ್ಲೆಗಳಿಗೂ ಅದೇ ಮಾತು, ಗಟ್ಟಿ ಪಟ್ಟಿಗೆ ಮೆದು ಬಿಲ್ಲೆ, ಒತ್ತಬಾರದು, ಓರೆ ಮಾಡಬಾರದು, ನೀಲಿ ಕಂಡರೆ ನಿಲ್ಲಿಸಬೇಕು.

ಇದನ್ನು ಬರೆಯುವಾಗ ಒಂದು ನೀತಿ ತಾನಾಗಿ ಒದಗಿ ಬರುತ್ತಿದೆ. ಬಿಡದೆ ಹಿಡಿದುಕೊಂಡವರು ಸುಡುತ್ತಾರೆ, ಉದುರಿಸಿಕೊಂಡವರು ಚೂಪಾಗಿರುತ್ತಾರೆ, ಇತ್ಯಾದಿ. ಅದನ್ನು ನಾನು ಒಪ್ಪುವುದಿಲ್ಲ. ನನ್ನ ಸಿಟ್ಟು ಕಲ್ಲಲ್ಲ. ನಾನು ಅದನ್ನು ಬಿಡದೆ ಹಿಡಿದುಕೊಂಡೆ, ಅದು ಚೂಪಾಗಿಯೇ ಇತ್ತು.

ಮುಂದಿನ ತಿಂಗಳು, ಆವಣಿಯಲ್ಲಿ, ಒಬ್ಬ ಲಾರಿ ಒಡೆಯ ಅವಸರದಲ್ಲಿದ್ದ. ಮೆದು ಕಲ್ಲಿನ ಮುಖವನ್ನು ಮತ್ತೆ ಮತ್ತೆ ಸಮ ಮಾಡಬೇಕೆಂದು ಬೇಸತ್ತು ಪಳನಿ ನನ್ನನ್ನು ಕೇಳದೆ ಗಟ್ಟಿ ಕಲ್ಲು ತೆಗೆದು ಹಾಕಿದ. ಕ್ರಾಂಕು ಕನ್ನಡಿಯಂತೆ ಹೊಳೆಯುತ್ತ ಬಂತು. ಲಾರಿ ಒಡೆಯ ಅದರಲ್ಲಿ ಮೀಸೆ ನೋಡಿಕೊಂಡ. ಮಾದಪ್ಪ ಬೆಳಕಿಗೆ ತಿರುಗಿಸಿ ನೋಡಿದ, ಅಲ್ಲಲ್ಲಿ ಟೀ ಕಲೆಯಂಥ ಕಂದು. ಸೀಮೆಎಣ್ಣೆ ಸವರಿ ಒರೆಸಿ ಸುಣ್ಣದ ಪುಡಿ ಉದುರಿಸಿದ. ಸ್ವಲ್ಪ ಹೊತ್ತಿಗೆ ಬಿಳಿಯ ಮೇಲೆ ಕೂದಲಂಥ ಗೆರೆಗಳು ಒದ್ದೆಯಾಗಿ ಎದ್ದವು. ಬಿರುಕುಗಳು.

‘ಇದನ್ನ ಹಾಕ್ಕೊಂಡು ತೊಪ್ಪೂರ್ ಘಾಟ್ ಇಳೀತೀಯಾ? ಎಂಡ್ತಿ ಮಕ್ಳಿಗೆ ಏಳ್ಬುಟ್ ಬಾ,’ ಎಂದು ಸಿಟ್ಟಿನಲ್ಲಿ ಕನ್ನಡದಲ್ಲೇ ಕೂಗಿ, ಅವನಿಗೆ ಅರ್ಥವಾಗಲಿಲ್ಲವೆಂದು ಮತ್ತೆ ತಮಿಳಿನಲ್ಲಿ ಕೂಗಿದ. ಕ್ರಾಂಕು ಗುಜರಿಗೆ ಹೋಯಿತು. ಮೊದಲಾಳಿ ಗೊಣಗಿದರೂ ಅವನು ಜಗ್ಗಲಿಲ್ಲ. ಗುರುತಿಲ್ಲದವನ ಲಾರಿ ಘಾಟಿನಲ್ಲಿ ಮಗುಚದಿರಲಿ ಎಂದು ಹೀಗೆ ನಿಲ್ಲಬಲ್ಲವನು ನಮ್ಮ ಅಣ್ಣನ ಹೆಸರನ್ನು ಮಾತ್ರ ಘಾಟಿನಿಂದ ಕೆಳಗೆ ತಳ್ಳಿದ್ದ. ಅವತ್ತು ಅವನು ಇನ್ನಷ್ಟು ಒಳ್ಳೆಯವನಾಗಿ ಕಂಡದ್ದಕ್ಕೆ ನನಗೆ ಇನ್ನಷ್ಟು ಉರಿಯಿತು.

ಪ್ರತಿ ಕಲ್ಲನ್ನೂ ಅವನು ತಪ್ಪದೆ ತಟ್ಟುತ್ತಿದ್ದ. ತಟ್ಟಿ, ತಲೆ ಓರೆ ಮಾಡಿ, ನನ್ನ ಕಡೆ ನೋಡಿ ಕೇಳುತ್ತಿದ್ದ. ‘ಎಂಗೈತಮ್ಮಣಿ?’

‘ಪಾಡ್ತೈತೆ ಮಾವ,’ ಎನ್ನುತ್ತಿದ್ದೆ, ಹಾಡುತ್ತಿದೆ ಎಂದು.

‘ಆಂ. ಪಾಡ್ತೈತೆ.’ ಸೀಮೆಸುಣ್ಣದಲ್ಲಿ ಅದರ ಮೇಲೊಂದು ಸೊನ್ನೆ, ಪಾಸಾಯಿತೆಂದು.

ಗುರು ಶಿಷ್ಯಳ ಪರೀಕ್ಷೆ ಮಾಡುತ್ತಿದ್ದಾನೆ ಎಂದುಕೊಂಡಿದ್ದೆ. ಸರಿಯಾಗಿ ಹೇಳಿದೆನೆಂದು ಒಳಗೊಳಗೆ ಹಿಗ್ಗುತ್ತಲೂ ಇದ್ದೆ.

ಆವಣಿ ಮುಗಿದು ಪುರಟ್ಟಾಸಿ ತಿಂಗಳ ಮಳೆ ಹಿಡಿಯಿತು. ಸಂಜೆಯ ಮುಂಚೆ ಕೋಟೆಗುಡ್ಡ ಮಸುಕಾಗುವುದು, ಆಮೇಲೆ ತಗಡಿನ ಮೇಲೆ ಸುರಿಯುವುದು, ಕರೆಂಟು ಹೋಗುವುದು. ಅಂಥದೇ ಒಂದು ದಿನ ಹೊಸ ಕಲ್ಲುಗಳು ಬಂದವು. ಇಳಿಸುವವರು ಒಂದು ಪೆಟ್ಟಿಗೆಯನ್ನು ನೆಲಕ್ಕೆ ಕುಕ್ಕಿದ್ದು ನೋಡಿದೆ. ಮಳೆ ನಿಂತಿತ್ತು, ಕರೆಂಟು ಬಂದಿರಲಿಲ್ಲ. ಮಿಷನ್ನುಗಳೆಲ್ಲ ಸುಮ್ಮನಿದ್ದವು. ಮರದ ಹೊಟ್ಟು ಕೊಡವಿ, ಕುಕ್ಕಿದ ಪೆಟ್ಟಿಗೆಯ ಕಲ್ಲನ್ನು ಪಳನಿಯ ಜೊತೆ ಎತ್ತಿ ಹಗ್ಗಕ್ಕೆ ತೂಗುಹಾಕಿ ಲಾಳಿಯಿಂದ ತಟ್ಟಿದೆ. ದೊಕ್. ತಿರುಗಿಸಿ ತಟ್ಟಿದೆ. ದೊಕ್. ನೋಡಿದರೆ ಒಂದು ಗೆರೆಯೂ ಇಲ್ಲ. ನೀರು ಕುಡಿದ ಕಲ್ಲೂ ದೊಕ್ ಎನ್ನುತ್ತದೆ, ಆದರೆ ಹೊಟ್ಟು ಒಣಗಿತ್ತು, ಕಲ್ಲಿಗೆ ನೀರು ತಾಗಿರಲಿಲ್ಲ.

ಪಳನಿ ಬೀಡಿಗೆ ಹೊರಗೆ ಹೋದ. ಮಾದಪ್ಪ ಬಂದ. ತನ್ನ ಮರದ ಹಿಡಿಯಿಂದ ಅದೇ ಕಲ್ಲನ್ನು ತಟ್ಟಿದ. ದೊಕ್ ಎಂದಿತು. ಅವನು ತಲೆ ಓರೆ ಮಾಡಿದ, ನನ್ನ ಮುಖ ನೋಡಿದ. ‘ಎಂಗೈತಮ್ಮಣಿ?’

ಆಗ ನಾನು ಹೇಳಿದ್ದನ್ನು ಉಪಾಯವೆಂದು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೇನೆ. ಉಪಾಯವೋ, ಅವನ ಜೊತೆ ತಮಾಷೆಯೋ, ಬಾಯಿಗೆ ಅಭ್ಯಾಸವಾಗಿದ್ದ ಉತ್ತರವೋ ಗೊತ್ತಿಲ್ಲ. ‘ಪಾಡ್ತೈತೆ ಮಾವ,’ ಎಂದೆ.

‘ಆಂ. ಚೆಂದಾಗ್ ಪಾಡ್ತೈತೆ,’ ಎಂದು ಸೊನ್ನೆ ಬರೆದ.

ಇವನಿಗೆ ಕೇಳಿಸಲೇ ಇಲ್ಲವೇ ಎಂಬ ಅನುಮಾನ ಬಂತು. ಆಮೇಲೆ ಪರೀಕ್ಷೆ ಮಾಡಿ ನೋಡಿದೆ. ಅವನ ಬೆನ್ನ ಹಿಂದೆ ತೆಳುವಾದ ಸ್ಪ್ಯಾನರನ್ನು ಕಬ್ಬಿಣಕ್ಕೆ ಬಡಿದೆ, ತಿರುಗಲಿಲ್ಲ. ರಸ್ತೆಯಲ್ಲಿ ಲಾರಿಯೊಂದು ಗುಡುಗಿತು, ತಿರುಗಿದ. ಬಳೆ ಅಲುಗಿಸಿದೆ, ಇಲ್ಲ. ಮೊದಲಾಳಿ ದಪ್ಪ ದನಿಯಲ್ಲಿ ಕೆಮ್ಮಿದ, ಎದ್ದು ನಿಂತ. ಸಾಣೆಯ ಕೀರಲು ಸದ್ದು ಅವನ ಕಿವಿಯಿಂದ ತೆಳು ಸದ್ದುಗಳನ್ನೆಲ್ಲ ಉಜ್ಜಿ ತೆಗೆದಿತ್ತು, ದಪ್ಪ ಸದ್ದುಗಳು ಉಳಿದಿದ್ದವು. ಅವನಿಗೆ ಲೋಕದ ಎಲ್ಲ ಕಲ್ಲುಗಳೂ ದೊಕ್ ಎನ್ನುತ್ತಿದ್ದವು. ನನ್ನ ಮುಖ ನೋಡುತ್ತಿದ್ದದ್ದು ನನ್ನ ಪರೀಕ್ಷೆಗಲ್ಲ, ನನ್ನ ತುಟಿ ಓದಲು.

ಹಾಗಾದರೆ ಅಣ್ಣ ಹೇಳಿದ್ದು ನಿಜ. ಇವನು ಆ ಕಲ್ಲನ್ನು ತಟ್ಟಿದ್ದ. ತಟ್ಟಿ, ಕೇಳಿಸದೆ, ಪಾಸು ಮಾಡಿದ್ದ. ಆಮೇಲೆ ತಟ್ಟಲೇ ಇಲ್ಲ ಎಂದಿದ್ದ.

ಆ ಕ್ಷಣ ಮೊದಲಾಳಿಯ ಮೇಜಿಗೆ ಹೋಗಿ ಹೇಳಬಹುದಿತ್ತು. ಹೇಳಿದ್ದರೆ ಅದು ಒಂದು ದೂರು, ಮೇಸ್ತ್ರಿಯ ಮಾತಿನೆದುರು ಕಣ್ಣು ಕಳೆದುಕೊಂಡವನ ತಂಗಿಯ ಮಾತು. ನನಗೆ ದೂರು ಬೇಡವಾಗಿತ್ತು. ಯಾರ ಬಾಯಲ್ಲಿ ಅಣ್ಣನ ಹೆಸರು ಊರೂರು ತಿರುಗಿತೋ ಅವರೆಲ್ಲರ ಕಿವಿ ಬೇಕಿತ್ತು. ಸೊನ್ನೆಯ ಮೇಲೆ ದೊಡ್ಡ ಅಡ್ಡಗೆರೆ ಎಳೆದು, ಯಾವ ಮಿಷನ್ನಿಗೂ ಹೋಗದಂತೆ ಆ ಕಲ್ಲನ್ನು ಒಂದು ಕಡೆಗೆ ಉರುಳಿಸಿ ಗೋಣಿ ಹೊದಿಸಿದೆ. ಮುಂದೆ ಆಯುಧಪೂಜೆ ಇತ್ತು.

ಆ ನಡುವಿನ ದಿನಗಳಲ್ಲಿ ಅವನ ಜೊತೆ ಬಹಳ ಚೆನ್ನಾಗಿದ್ದೆ. ಅವನು ತಟ್ಟುವ ಮೊದಲೇ ಒಂದೊಂದು ಕಲ್ಲನ್ನೂ ನಾನು ತಟ್ಟಿ ನೋಡಿರುತ್ತಿದ್ದೆ, ಮತ್ತೊಬ್ಬನ ಕಣ್ಣು ಹೋಗುವುದು ಬೇಡ. ಅವನ ಹೆಂಡತಿ ಊರಿನಿಂದ ಹುರುಳಿಕಾಳು ಕಳಿಸಿದ್ದಳು. ‘ನಿಮ್ಮವ್ವಂಗೆ ಕೊಡು, ಬಸ್ಸಾರ್ ಮಾಡ್ಲಿ,’ ಎಂದ. ಅಮ್ಮ ಮಾಡಿದಳು. ರುಚಿಯಾಗಿತ್ತು. ಎರಡು ಸಲ ಬಡಿಸಿಕೊಂಡೆ.

ಅಣ್ಣನನ್ನು ಪೂಜೆಗೆ ಬರಲು ಒಪ್ಪಿಸುವುದೇ ಕಷ್ಟವಾಯಿತು. ‘ನಾನ್ಯಾಕಮ್ಮಿ ಅಲ್ಲಿಗೆ? ಎಲ್ರೂ ನೋಡ್ತಾರೆ.’

‘ನೋಡ್ಲಿ ಅಂತ್ಲೇ ಕರೀತಿರೋದು. ಬಾ.’

ಆ ಅಂಗಡಿಯಲ್ಲಿ ಪೂಜೆಗೆ ಗಂಟೆ ಇರಲಿಲ್ಲ. ಮೊದಲಾಳಿಯ ಅಪ್ಪನ ಕಾಲದಿಂದ ಬಂದ ರೂಢಿ, ಆ ವರ್ಷದ ಹೊಸ ಕಲ್ಲೊಂದಕ್ಕೆ ಗಂಧದ ಬೊಟ್ಟಿಟ್ಟು ಸರಪಳಿ ರಾಟೆಗೆ ತೂಗುಹಾಕುತ್ತಾರೆ. ಮೇಸ್ತ್ರಿ ಅದನ್ನು ತಟ್ಟಬೇಕು. ಅದು ಹಾಡಿದ ಮೇಲೆಯೇ ಕರ್ಪೂರ. ಲಾರಿಗಳ ಒಡೆಯರು, ಡ್ರೈವರುಗಳು, ಟೈರಿನವರು, ಎದುರಿನ ಟೀ ಅಂಗಡಿಯವನು ಎಲ್ಲರೂ ಆ ಸದ್ದಿಗೆ ಕಾದು ನಿಲ್ಲುತ್ತಾರೆ. ಮಿಷನ್ನುಗಳಿಗೆ ಮಾವಿನ ಸೊಪ್ಪು, ಬಾಳೆ ಕಂದು. ಪುರಿ ಕಡಲೆಯ ರಾಶಿ. ಕಲ್ಲು ಕೊಡುವ ಕೆಲಸ ನನ್ನದಲ್ಲವೇ? ಗೋಣಿ ತೆಗೆದು ಅಡ್ಡಗೆರೆ ಒರೆಸಿದೆ. ಸರಿಯಾಗಿ ಅದರ ಮೇಲೆಯೇ ಗಂಧ ಇಟ್ಟೆ.

ಮಾದಪ್ಪ ಬಿಳಿ ಪಂಚೆಯುಟ್ಟು, ಒದ್ದೆ ತಲೆಗೆ ವಿಭೂತಿ ಹಚ್ಚಿ ಬಂದ. ಗುಂಪು ಸುಮ್ಮನಾಯಿತು. ಅಣ್ಣ ಕಪ್ಪು ಕನ್ನಡಕ ಹಾಕಿಕೊಂಡು ಬಾಗಿಲ ಬಳಿ ನಿಂತಿದ್ದ. ಮಾದಪ್ಪ ತಟ್ಟಿದ.

ದೊಕ್.

ಅವನು ಕಣ್ಣು ಮುಚ್ಚಿ ಕೈ ಮುಗಿದ. ಬೇರೆ ಯಾರೂ ಮುಗಿಯಲಿಲ್ಲ. ಎಲ್ಲರೂ ಇನ್ನೂ ಕಾಯುತ್ತಿದ್ದರು. ಕಣ್ಣು ತೆರೆದ, ಯಾರೂ ಕೈ ಜೋಡಿಸಿಲ್ಲದ್ದನ್ನು ಕಂಡ. ಎಂದಿನಂತೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ. ‘ಎಂಗೈತಮ್ಮಣಿ?’

ನಾನು ತುಟಿ ಬಿಗಿದು ನಿಂತೆ.

ನನ್ನ ಸೇಡು ಅಷ್ಟೇ. ಅದಕ್ಕಿಂತ ಹೆಚ್ಚೇನೂ ಮಾಡಬೇಕಾಗಿರಲಿಲ್ಲ. ಅವನು ನನ್ನ ಬಾಯನ್ನೇ ನೋಡಿದ. ಬಾವಿಗೆ ಕೊಡ ಬಿಟ್ಟವನು ಹಗ್ಗ ಭಾರವಾಗುವುದನ್ನು ಕಾಯುವಂತೆ ನೋಡಿದ. ಮತ್ತೆ ತಟ್ಟಿದ, ಜೋರಾಗಿ. ದೊಕ್.

‘ಎನ್ನಪ್ಪಾ, ಮಣಿಯೇ ಅಡಿಕ್ಕಲಿಯೇ?’ ಎಂದಳು ಗಂಡ ಸತ್ತ ಮೇಲೆ ಲಾರಿಗಳನ್ನು ತಾನೇ ಓಡಿಸುತ್ತಿದ್ದ ಒಬ್ಬ ಮುದುಕಿ, ಗಂಟೆಯೇ ಹೊಡೆಯಲಿಲ್ಲವಲ್ಲ ಎಂದು.

ಮೊದಲಾಳಿಯ ದಪ್ಪ ದನಿ ಅವನಿಗೆ ಕೇಳಿಸಿತು. ‘ಮಾದಪ್ಪಾ, ಕಲ್ಲು ಉಡಂಜಿರುಕ್ಕು.’ ಕಲ್ಲು ಒಡೆದಿದೆ.

‘ಇಲ್ಲಿಂಗ ಮೊದಲಾಳಿ, ನಲ್ಲಾ ಪಾಡುದು,’ ಎಂದ ಮಾದಪ್ಪ. ಚೆನ್ನಾಗಿ ಹಾಡುತ್ತಿದೆ.

ಪಳನಿ ಕಿಸಕ್ಕೆಂದ. ಅದೇ ಸರಕಿನಲ್ಲಿ ಬಂದಿದ್ದ ಚಿಕ್ಕ ಕಲ್ಲೊಂದನ್ನು ನಾನು ಬೆರಳಿಗೆ ತೂಗುಹಾಕಿ ಲಾಳಿಯಿಂದ ತಟ್ಟಿದೆ. ಕಣ್ ಎಂದು ಎದ್ದ ಸದ್ದು ತಗಡಿನವರೆಗೆ ಹೋಗಿ ನಿಂತಿತು. ಎಲ್ಲರೂ ಸದ್ದಿನ ಕಡೆ ತಲೆ ಎತ್ತಿದರು. ಅವನೊಬ್ಬ ನನ್ನ ಕೈ ನೋಡುತ್ತಿದ್ದ. ಎಲ್ಲರಿಗೂ ಅರ್ಥವಾಗಲೆಂದು ತಮಿಳಿನಲ್ಲಿ ಕೇಳಿದೆ. ‘ಎಂಗ ಅಣ್ಣನ್ ಕಲ್ಲುಂ ಇಪ್ಪಡಿತ್ತಾನ್ ಪಾಡುಚ್ಚಾ, ಮಾಮಾ?’ ನಮ್ಮ ಅಣ್ಣನ ಕಲ್ಲೂ ಹೀಗೇ ಹಾಡಿತ್ತಾ?

ಅವನು ಅಳಲಿಲ್ಲ. ಅಣ್ಣನ ಕಾಲಿಗೂ ಬೀಳಲಿಲ್ಲ. ಅದೂ ನಾನೇ ಸೇರಿಸಿದ್ದು, ಯಾವುದೋ ಗೃಹಪ್ರವೇಶದಲ್ಲಿ. ತೂಗುತ್ತಿದ್ದ ಕಲ್ಲಿನ ಮೇಲೆ ಅಂಗೈ ಇಟ್ಟ, ಎತ್ತಿನ ಹೊಟ್ಟೆ ಮುಟ್ಟಿ ನೋಡುವವನ ಹಾಗೆ. ಮರದ ಹಿಡಿಯನ್ನು ಕರ್ಪೂರದ ತಟ್ಟೆಯ ಪಕ್ಕ ಇಟ್ಟು ಬಾಗಿಲ ಕಡೆ ನಡೆದ. ಅಲ್ಲಿ ಅಣ್ಣನ ಎದುರು ಒಂದು ಗಳಿಗೆ ನಿಂತು ನೋಡಿದ. ಅಣ್ಣ ತಲೆ ತಗ್ಗಿಸಿದ. ನಮ್ಮಣ್ಣ ಎಂಥ ದೊಡ್ಡ ಮನುಷ್ಯ, ಗೆದ್ದಾಗಲೂ ತಲೆ ಎತ್ತುವುದಿಲ್ಲ ಎಂದುಕೊಂಡೆ.

ಮಾದಪ್ಪ ದೀಪಾವಳಿಗೆ ಮುಂಚೆಯೇ ಊರಿಗೆ ಹೋದ. ಎಲ್ಲೆಲ್ಲಿ ಕೆಲಸ ಕೇಳಿದನೋ ಅಲ್ಲೆಲ್ಲ ‘ಕಿವಿ ಇಲ್ಲದ ಮೇಸ್ತ್ರಿ’ ಎಂಬ ಹೆಸರು ಅವನಿಗಿಂತ ಮೊದಲು ಹೋಗಿತ್ತಂತೆ. ಅದನ್ನು ಕೇಳಿದ ದಿನ ಹೊಟ್ಟೆ ತುಂಬ ಉಂಡು ಮಲಗಿದೆ. ಅಣ್ಣನಿಗೆ ಮಿಷನ್ ಸಿಕ್ಕಿತು, ಆಮೇಲೆ ಓಮಲೂರಿನಲ್ಲಿ ಅವನದೇ ಚಿಕ್ಕ ಸಾಣೆ ಅಂಗಡಿಯಾಯಿತು. ನಾನು ಸೇಲಂನಲ್ಲಿ ಸಾಣೆಕಲ್ಲು ಮಾರುವ ಅಂಗಡಿಯೊಂದರ ಕೆಲಸಕ್ಕೆ ಸೇರಿ, ಈಗ ವರ್ಕ್‌ಶಾಪಿನಿಂದ ವರ್ಕ್‌ಶಾಪಿಗೆ ಹೋಗಿ ಯಾವ ಉಕ್ಕಿಗೆ ಯಾವ ಕಲ್ಲು ಎಂದು ಹೇಳುತ್ತೇನೆ. ‘ಗಟ್ಟಿ ಉಕ್ಕಿಗೆ ಮೆತ್ತನ್ ಕಲ್ಲು’ ಎನ್ನುವಾಗ ಬಾಯಿಂದ ಬರುವುದು ಅವನ ದನಿಯೇ. ಬರಲಿ. ಕಲಿತದ್ದು ಬೇರೆ, ಕಣ್ಣು ಬೇರೆ.

ಇಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ಇವತ್ತು ಬಸ್ಸಿಳಿದು ಅಣ್ಣನ ಅಂಗಡಿಗೆ ಹೋದೆ. ದಾರಿಯಲ್ಲಿ ಸ್ಪ್ರಿಂಗ್ ಪಟ್ಟಿಯನ್ನು ನೀಲಿ ಮಾಡುತ್ತಿದ್ದವನ ಕಥೆ ಹೇಳಿ ನಗಿಸಿದೆ. ಅವನು ಹೊಸ ಕಲ್ಲೊಂದನ್ನು ಬೆರಳಿಗೆ ಸಿಕ್ಕಿಸಿ ತಟ್ಟಿ, ಬೇರೆಲ್ಲೋ ನೋಡುತ್ತ, ‘ಎಂಗೈತಮ್ಮಿ?’ ಎಂದ.

‘ಅದ್ಯಾಕಣ್ಣ ಅಂಗ್ ಕೇಳ್ತೀಯ? ನಿಂಗೂ ಕಿವಿ ಓಯ್ತಾ?’

‘ಥೂ, ಬಾಯ್ ತೊಳ್ಕೊ. ಅವ್ರು ಅಂಗೇ ಕೇಳ್ತಿದ್ರಲ್ಲ. ತಟ್ಟಿದ್ ಕಲ್ಲಿಗೆಲ್ಲ. ರೂಢಿ ಬಿದ್ದೈತೆ.’

‘ನಿನ್ನನ್ನೂ ಕೇಳ್ತಿದ್ರಾ?’

‘ಯಾರ್ ಪಕ್ಕದಲ್ಲಿದ್ರೆ ಅವ್ರುನ್ನ.’

‘ಆ ಕಲ್ಲಿಗೂ?’

ಅವನು ಕಲ್ಲನ್ನು ಕೆಳಗಿಟ್ಟ. ಕೈಯನ್ನು ಬನಿಯನ್ನಿಗೆ ಒರೆಸಿಕೊಂಡ. ‘ನಾನು ತೊಟ್ಟಿ ತೊಳೀತಿದ್ದೆ. ಪಂಪ್ ಓಡ್ತಿತ್ತು, ಏನೂ ಕೇಳುಸ್ತಿರ್ಲಿಲ್ಲ. ಅವ್ರು ತಟ್ಟಿ, ಎಂಗೈತ್ಲಾ ಅಂದ್ರು. ತಲೆ ಆಡಿಸ್ಬುಟ್ಟೆ. ದಿನಾ ಆಡುಸ್ತಿದ್ನಲ್ಲಮ್ಮಿ.’

‘ಮತ್ಯಾಕ್ ಏಳ್ಲಿಲ್ಲ ನೀನು?’

‘ಮೊದ್ಲು ಭಯ. ಆಮ್ಯಾಕೆ ನೀನು ಎಲ್ಲಾ ಮಾಡ್ಬುಟ್ ಬಂದೆ. ಅಷ್ಟ್ ಕುಸಿಯಾಗಿದ್ದೆ.’

ಅಂಗಡಿಯ ಹೊರಗೆ ಬಂದು ನಿಂತೆ. ಪೂಜೆಯ ದಿನ ಬಾಗಿಲ ಬಳಿ ತಗ್ಗಿದ್ದ ಅಣ್ಣನ ತಲೆ ಈಗ ಬೇರೆಯಾಗಿ ಕಂಡಿತು. ಕಥೆಯನ್ನು ಮೊದಲಿನಿಂದ ಮತ್ತೆ ಜೋಡಿಸಬೇಕಾಯಿತು. ಜೋಡಿಸಿದೆ. ಮಾದಪ್ಪ ತಟ್ಟಿದ, ಹೇಗಿದೆಯೆಂದು ಕೇಳಿದ, ಅಣ್ಣ ತಲೆ ಆಡಿಸಿದ, ಕಲ್ಲು ಸಿಡಿಯಿತು. ‘ನಾನು ತಟ್ಟಿದೆ, ಅವನು ಹೂಂ ಅಂದ’ ಎಂದು ಮಾದಪ್ಪ ಅವತ್ತೇ ಹೇಳಿದ್ದರೆ ತಪ್ಪು ಇಬ್ಬರ ಹೆಗಲ ಮೇಲೆ ಬೀಳುತ್ತಿತ್ತು. ಅದನ್ನು ಹೇಳಲು ತನಗೆ ಕಿವಿ ಕೇಳದು ಎಂದೂ ಹೇಳಬೇಕಿತ್ತು. ಕಿವಿಯ ಗುಟ್ಟು ಉಳಿಸಿಕೊಳ್ಳಲು ತಟ್ಟಿದ್ದನ್ನೇ ಅಳಿಸಿಹಾಕಿದ. ಅಣ್ಣನ ಕಿವಿಯನ್ನು ನಂಬಿ ಕೆಲಸ ಮಾಡಿದವನು ಅಣ್ಣನ ಬಾಯನ್ನು ಸುಳ್ಳು ಮಾಡಿದ. ಇಷ್ಟು ಯೋಚಿಸಿ ನೋಡಿದೆ, ಸಿಟ್ಟಿನ ಮೊನೆ ಮೊಂಡಾಗಿದೆಯೇ ಎಂದು. ಇಲ್ಲ. ಇವತ್ತು ಆಯುಧಪೂಜೆಯಾಗಿದ್ದರೆ ಅದೇ ಕಲ್ಲನ್ನು ಅದೇ ರಾಟೆಗೆ ತೂಗುಹಾಕುತ್ತಿದ್ದೆ. ತುಟಿಯನ್ನೂ ಹಾಗೇ ಬಿಗಿಯುತ್ತಿದ್ದೆ.

ಪೂಜೆಯ ಆ ಕಲ್ಲು ಅಣ್ಣನ ಅಂಗಡಿಯಲ್ಲೇ ಇದೆ. ನಾನೇ ಮೊದಲಾಳಿಯನ್ನು ಕೇಳಿ ತಂದು ಬಾಗಿಲ ಪಕ್ಕ ಗೋಡೆಗೆ ಒರಗಿಸಿದ್ದು. ಒಳಗೆ ಬಂದಾಗ ಅಣ್ಣ ಅದರ ಕಡೆ ಕೈ ತೋರಿಸಿದ. ‘ಇವತ್ತಾದ್ರೂ ಎತ್ತಾಕಣಾ ಕಣಮ್ಮಿ. ಇನ್ಯಾಕೆ ಅದು?’

ಚೀಲದಿಂದ ಲಾಳಿ ತೆಗೆದು ಅದನ್ನು ತಟ್ಟಿದೆ.

‘ಎಂಗೈತಣ್ಣ?’

ಅವನ ತಲೆ ಅಭ್ಯಾಸದಂತೆ ಅಲುಗಲು ಹೋಯಿತು. ನಿಂತಿತು. ನನ್ನನ್ನೇ ನೋಡಿದ.

‘ಒಡ್ದೈತೆ,’ ಎಂದ.

ಕಲ್ಲನ್ನು ಅಲ್ಲೇ ಬಿಟ್ಟು ಬಂದೆ.